ಖಾರದ ಪುಡಿಗೆ ಮೆಣಸಿನಕಾಯಿ ಒಣಗಿಸಲು ಬಿಸಿಲಾ, ಫ್ಯಾನಾ, ಓವನ್ನಾ, ಡಿಹೈಡ್ರೇಟರಾ?

ಕುಂಡದಲ್ಲಿ ನಾಲ್ಕು ಮೆಣಸಿನ ಗಿಡ ಇಟ್ಟವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಬರುತ್ತದೆ. ಹಸಿ ಕಾಯಿ ಒಗ್ಗರಣೆಗೆ ಆಯಿತು, ಅಕ್ಕಪಕ್ಕದವರಿಗೆ ಕೊಟ್ಟದ್ದಾಯಿತು, ಆದರೂ ಗಿಡದ ತುಂಬ ಹಣ್ಣು ಮೆಣಸಿನಕಾಯಿ. ಒಣಗಿಸಿ ಪುಡಿ ಮಾಡೋಣ ಅಂದರೆ ಒಬ್ಬೊಬ್ಬರದು ಒಂದೊಂದು ಮಾತು. ಬಿಸಿಲಿಗೆ ಹಾಕಿದರೆ ಸಾಕು ಅನ್ನುತ್ತಾರೆ ಒಬ್ಬರು. ಬಿಸಿಲಿಗೆ ಬಣ್ಣ ಹೋಗುತ್ತದೆ, ನೆರಳೇ ವಾಸಿ ಅನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಡಿಹೈಡ್ರೇಟರ್, ಅಂದರೆ ಬಿಸಿ ಗಾಳಿ ಬೀಸಿ ಒಣಗಿಸುವ ಯಂತ್ರ, ತಗೊಳ್ಳಿ ಅನ್ನುತ್ತಾರೆ. ಬಳ್ಳಾರಿಯಲ್ಲಿ ಕೂತವರಿಗೆ ಒಂದು ನಿಜ, ಮಂಗಳೂರಿನವರಿಗೆ ಇನ್ನೊಂದು ನಿಜ. ಹಾಗಾಗಿ ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ನಿಮ್ಮ ಊರಿನ ಗಾಳಿ, ನಿಮ್ಮ ಕಾಯಿಯ ಸಿಪ್ಪೆ, ನಿಮ್ಮ ಹತ್ತಿರ ಇರುವ ಕಾಯಿಯ ತೂಕ, ಈ ಮೂರನ್ನು ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು ಬೂಷ್ಟು. ಗಿಡದಿಂದ ಕಿತ್ತ ಹಣ್ಣು ಮೆಣಸಿನಕಾಯಿಯಲ್ಲಿ ಸುಮಾರು 65ರಿಂದ 80 ಭಾಗ ನೀರೇ ಇರುತ್ತದೆ. ಪುಡಿ ಮಾಡಿ ತಿಂಗಳುಗಟ್ಟಲೆ ಇಡಬೇಕಾದರೆ ಅದು ಶೇಕಡಾ 10ರ ಆಸುಪಾಸಿಗೆ ಇಳಿಯಬೇಕು. ಈ ಎರಡರ ನಡುವೆ ಕಾಯಿ ಎಷ್ಟು ದಿನ ಕಳೆಯುತ್ತದೋ ಅಷ್ಟೂ ದಿನ ಬೂಷ್ಟಿಗೆ ಅವಕಾಶ. ಮೆಣಸಿನಕಾಯಿಯ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಜಾತಿಯ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಲಿವರ್‌ಗೆ ಕೆಟ್ಟದ್ದು. ಹುರಿದರೂ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಯುರೋಪಿನಲ್ಲಿ ಒಂದು ಕೆ.ಜಿ. ಮೆಣಸಿನ ಪುಡಿಯಲ್ಲಿ ಅಫ್ಲಾಟಾಕ್ಸಿನ್ ಬಿ1 ಎಂಬುದು 5 ಮೈಕ್ರೋಗ್ರಾಂಗಿಂತ ಜಾಸ್ತಿ ಇರುವಂತಿಲ್ಲ. ಅಷ್ಟು ಕಡಿಮೆ ಪ್ರಮಾಣಕ್ಕೂ ಅಲ್ಲಿ ಹೆದರುತ್ತಾರೆ. ಆದ್ದರಿಂದ ಬೂಷ್ಟು ಬಂದ ಕಾಯಿಯನ್ನು ಒರೆಸಿ ಉಳಿಸಿಕೊಳ್ಳುವ ಯೋಚನೆಯೇ ಬೇಡ. ಎಷ್ಟೇ ಅಗ್ಗದ ವಿಧಾನವಾದರೂ ಸರಿ, ನಿಮ್ಮ ಊರಿನ ಹವೆಯಲ್ಲಿ ಅದು ಬೂಷ್ಟಿಗೆ ದಾರಿ ಮಾಡಿಕೊಡುತ್ತದೆ ಅಂದರೆ ಅದನ್ನು ಬಿಟ್ಟುಬಿಡಿ.

ಎರಡನೆಯದು ಬಣ್ಣ. ಮೆಣಸಿನಕಾಯಿಯ ಕೆಂಪು ಬರುವುದು ಕ್ಯಾಪ್ಸಾಂಥಿನ್ ಮುಂತಾದ ಕ್ಯಾರೋಟಿನಾಯ್ಡ್‌ಗಳಿಂದ. ಬೆಳಕು, ಗಾಳಿ, ಜಾಸ್ತಿ ಶಾಖ ಮೂರೂ ಅದಕ್ಕೆ ಆಗದು. ಖಾರ ಕೊಡುವ ಕ್ಯಾಪ್ಸೈಸಿನ್ ಹಾಗಲ್ಲ, ಅದು ಗಟ್ಟಿ. ಬಿಸಿಲಿಗೆ ಹಾಕಿದರೆ ಖಾರ ಇಳಿಯುತ್ತದೆ ಎಂದು ಹೆದರುವವರಿದ್ದಾರೆ. ಇಳಿಯುವುದು ಮುಖ್ಯವಾಗಿ ಬಣ್ಣ. ನಿಮಗೆ ಬಣ್ಣ ಮುಖ್ಯವೋ, ಖಾರ ಮುಖ್ಯವೋ ಎಂಬುದರ ಮೇಲೆ ಅರ್ಧ ತೀರ್ಮಾನ ಆಗಿಹೋಗುತ್ತದೆ.

ಮೂರನೆಯದು ತೂಕ. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ನಾಲ್ಕರಲ್ಲಿ ಮೂರು ಪಾಲು ನೀರಿರುವ 1 ಕೆ.ಜಿ. ಕಾಯಿಯಲ್ಲಿ ಗಟ್ಟಿ ಅಂಶ 250 ಗ್ರಾಂ. ಚೆನ್ನಾಗಿ ಒಣಗಿದ ಮೇಲೆ ಸಿಗುವುದು ಹೆಚ್ಚೆಂದರೆ 280 ಗ್ರಾಂ. ತೊಟ್ಟು ತೆಗೆದರೆ ಇನ್ನೂ ಕಡಿಮೆ. ಕಾಯಿ ರಸಭರಿತವಾಗಿದ್ದು 85 ಭಾಗ ನೀರಿದ್ದರೆ ಬರೀ 165 ಗ್ರಾಂ ಸಿಗುತ್ತದೆ. ಕುಂಡದ ಗಿಡದಿಂದ ವಾರಕ್ಕೆ ಕಾಲು ಕೆ.ಜಿ. ಹಣ್ಣು ಕೀಳುವವರು ಹತ್ತು ಸಾವಿರದ ಯಂತ್ರ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ನಾಲ್ಕನೆಯದು, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂಬುದು. ಮೋಡ ಕಟ್ಟಿದಾಗ ಓಡಿಹೋಗಿ ಎತ್ತಿಡುವವರು ಇಲ್ಲದ ಮನೆಗೆ ತಾರಸಿಯ ಬಿಸಿಲು ನಂಬಿಕೆಯ ದಾರಿ ಅಲ್ಲ. ದುಡ್ಡಿನ ವಿಷಯ ಆಯಾ ವಿಧಾನದ ಜೊತೆಗೇ ಹೇಳುತ್ತೇನೆ.

ಕಾಯಿ ಯಾವುದು ಎಂಬುದು ವಿಧಾನಕ್ಕಿಂತ ಮುಖ್ಯ

ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿ ಒಣಗಿಸಿ ಪುಡಿ ಮಾಡಲು ಹೇಳಿ ಮಾಡಿಸಿದ ಕಾಯಿ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಆ ಸೀಮೆಯದೇ ಬೆಳೆ ಎಂಬ ಕಾನೂನಿನ ಗುರುತು, ಬಂತು. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿ ಗಿಡ್ಡ, ದುಂಡು, ಬಣ್ಣ ಮತ್ತು ರುಚಿಗೆ ಹೆಸರು. ಕಡ್ಡಿ ಉದ್ದ, ಸಪೂರ, ಸುಕ್ಕು ಜಾಸ್ತಿ. ಎರಡರಲ್ಲೂ ಖಾರ ಮಿತವಾಗಿರುತ್ತದೆ, ಕೆಂಪು ಗಾಢವಾಗಿರುತ್ತದೆ. ಅದರ ಓಲಿಯೋರೆಸಿನ್ ಎಂಬ ಸಾರ ಲಿಪ್‌ಸ್ಟಿಕ್‌ಗೂ ಹೋಗುತ್ತದೆ ಅಂದರೆ ಬಣ್ಣ ಎಂಥದ್ದು ಎಂದು ಊಹಿಸಿ. ಇಂಥ ಕಾಯಿಯನ್ನು ಬಣ್ಣ ಕೆಡುವ ಹಾಗೆ ಒಣಗಿಸಿದರೆ ಅದರ ಅರ್ಧ ಬೆಲೆಯೇ ಹೋಯಿತು. ಗುಂಟೂರಿನದು ಖಾರಕ್ಕೆ ಬೆಳೆಯುವ ಕಾಯಿ. ಅದರಲ್ಲಿ ಬಣ್ಣ ಒಂದಿಷ್ಟು ಕಡಿಮೆಯಾದರೂ ಸಾರಿಗೆ ಹಾಕಿದಾಗ ಕೊರತೆ ಕಾಣುವುದಿಲ್ಲ.

ಸೂಜಿ ಮೆಣಸಿನಂಥ ಪುಟ್ಟ ಕಾಯಿಗಳು ಇಡಿಯಾಗಿಯೇ ಒಣಗುತ್ತವೆ, ಯಾವ ವಿಧಾನವಾದರೂ ನಡೆಯುತ್ತದೆ. ತೊಂದರೆ ಇರುವುದು ದಪ್ಪ ಸಿಪ್ಪೆಯವುಗಳಲ್ಲಿ, ಅಂದರೆ ಬಜ್ಜಿ ಮೆಣಸಿನಕಾಯಿ, ಜಲಪೇನೋ ಇಂಥವು. ಮೆಕ್ಸಿಕೊದಲ್ಲಿ ಹಣ್ಣು ಜಲಪೇನೋವನ್ನು ಹೊಗೆಯಲ್ಲಿ ಒಣಗಿಸಿ ಚಿಪೋಟ್ಲೆ ಮಾಡುತ್ತಾರೆ. ಸುಮ್ನೆ ಗಾಳಿಗೆ ತೂಗುಹಾಕಿದರೆ ಅದು ಒಣಗುವ ಮೊದಲೇ ಕೊಳೆಯುತ್ತದೆ. ನಿಮ್ಮ ಕುಂಡದಲ್ಲಿ ಇಂಥ ಕಾಯಿ ಇದ್ದರೆ ಇಡಿಯಾಗಿ ಬಿಸಿಲಿಗೆ ಹಾಕುವ ಆಸೆ ಬಿಡಿ. ಉದ್ದಕ್ಕೆ ಸೀಳಿ, ಬೀಜ ತೆಗೆದು, ಯಂತ್ರದಲ್ಲೇ, ಅಂದರೆ ಓವನ್ ಅಥವಾ ಡಿಹೈಡ್ರೇಟರಿನಲ್ಲೇ, ಒಣಗಿಸಿ.

ಸೀಳುವುದರಿಂದ ಯಾಕೆ ಇಷ್ಟು ವ್ಯತ್ಯಾಸ? ಮೆಣಸಿನಕಾಯಿಯ ಹೊರಮೈ ಮೇಣದಂಥ ಪದರದಿಂದ ಮುಚ್ಚಿರುತ್ತದೆ. ನೀರು ಅದರ ಮೂಲಕ ಸುಲಭವಾಗಿ ಹೊರಬರುವುದಿಲ್ಲ, ತೊಟ್ಟಿನ ಕಡೆಯಿಂದ ನಿಧಾನವಾಗಿ ಬರುತ್ತದೆ. ಸೀಳಿದರೆ ಒಳಮೈ ತೆರೆದುಕೊಳ್ಳುತ್ತದೆ, ಒಣಗುವ ಹೊತ್ತು ಅರ್ಧಕ್ಕೂ ಇಳಿಯಬಹುದು. ಆದರೆ ಬಿಸಿಲಿಗೆ ಹಾಕುವಾಗ ಸೀಳಿದ ಕಾಯಿಗೆ ಧೂಳು, ನೊಣ ಬೇಗ ಹತ್ತುತ್ತವೆ. ಅದಕ್ಕೇ ನನ್ನ ರೂಢಿ ಹೀಗಿದೆ: ಬಿಸಿಲಿಗೆ ಇಡಿ ಕಾಯಿ, ತೊಟ್ಟಿನ ಸಮೇತ. ಯಂತ್ರಕ್ಕೆ ಸೀಳಿದ ಕಾಯಿ, ತೊಟ್ಟು ತೆಗೆದು.

ಯಾವ ವಿಧಾನವೇ ಆಗಲಿ, ಕಾಯಿ ಗಿಡದಲ್ಲೇ ಪೂರ್ತಿ ಕೆಂಪಾಗಬೇಕು. ಸ್ವಲ್ಪ ಬಾಡುವವರೆಗೆ ಬಿಟ್ಟರೆ ಇನ್ನೂ ಒಳ್ಳೆಯದು, ಅರ್ಧ ಕೆಲಸ ಗಿಡವೇ ಮಾಡಿಕೊಡುತ್ತದೆ. ಅರೆಹಣ್ಣಾದವನ್ನು ಒಂದೆರಡು ದಿನ ಬುಟ್ಟಿಯಲ್ಲಿ ನೆರಳಿಗೆ ಇಟ್ಟರೆ ಬಣ್ಣ ತುಂಬುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಬೆವೆತು ಕೊಳೆಯುತ್ತದೆ. ಕಪ್ಪು ಚುಕ್ಕೆ, ತೂತು, ಮೆತ್ತಗಾದ ತುದಿ ಕಂಡರೆ ಆ ಕಾಯಿ ಆಚೆಗೆ. ತೊಳೆದರೆ ಒರೆಸಿ, ನೀರಿನ ಪಸೆ ಆರಿದ ಮೇಲೆಯೇ ಹರಡಿ.

ಬಿಸಿಲು

ಖರ್ಚಿಲ್ಲ, ಎಷ್ಟು ಕೆ.ಜಿ. ಬೇಕಾದರೂ ಹಾಕಬಹುದು, ವಾಸನೆಯೂ ಚೆನ್ನ. ಜನವರಿಯಿಂದ ಏಪ್ರಿಲ್‌ವರೆಗೆ ಹಾವೇರಿ, ಗದಗ, ಧಾರವಾಡ, ಬಳ್ಳಾರಿ, ರಾಯಚೂರು ಕಡೆಯ ಒಣ ಹವೆಗೆ ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ. ಮೆಣಸಿನಕಾಯಿ ಕೊಯ್ಲಿನ ಕಾಲವೂ, ಬ್ಯಾಡಗಿ ಮಾರುಕಟ್ಟೆ ಕೆಂಪಾಗುವ ಕಾಲವೂ ಅದೇ. ಬೆಂಗಳೂರು, ಮೈಸೂರಿನಲ್ಲೂ ಫೆಬ್ರವರಿ, ಮಾರ್ಚ್ ಚೆನ್ನಾಗಿ ನಡೆಯುತ್ತದೆ. ಒಳ್ಳೆಯ ಬಿಸಿಲಿದ್ದರೆ ಸಪೂರ ಕಾಯಿಗೆ ಒಂದು ವಾರ. ಮೋಡ ಬಂದು ಹೋಗುತ್ತಿದ್ದರೆ ಎರಡು ವಾರದವರೆಗೂ ಎಳೆಯಬಹುದು.

ಬಿಸಿಲಿನಲ್ಲಿ ಒಣಗಿಸಿ ಕೆಟ್ಟಿತು ಅನ್ನುವವರ ಹತ್ತಿರ ನಾನು ಮೊದಲು ಕೇಳುವುದು ಕೆಳಗೆ ಏನು ಹಾಸಿದ್ದಿರಿ ಎಂದು. ನೆಲದ ಮೇಲೆ, ಬರೀ ಕಾಂಕ್ರೀಟಿನ ಮೇಲೆ, ತಗಡಿನ ಮೇಲೆ ಹರಡಿದರೆ ಕೆಳಭಾಗಕ್ಕೆ ಗಾಳಿ ಆಡುವುದಿಲ್ಲ. ಒಂದು ಕಡೆ ಬೆಂದ ಹಾಗಾಗುತ್ತದೆ, ಇನ್ನೊಂದು ಕಡೆ ಬೆವರುತ್ತದೆ. ಹಗ್ಗದ ಮಂಚ, ಇಟ್ಟಿಗೆಯ ಮೇಲೆ ಎತ್ತಿಟ್ಟ ಸೊಳ್ಳೆ ಜಾಲರಿಯ ಚೌಕಟ್ಟು, ಬಿದಿರಿನ ತಟ್ಟೆ ಇವುಗಳ ಮೇಲೆ ತೆಳ್ಳನೆಯ ಹತ್ತಿ ಬಟ್ಟೆ ಹಾಸಿ ಒಂದೇ ಪದರ ಹರಡಿ. ಗಾಳಿ ಕೆಳಗಿನಿಂದಲೂ ಹೋಗಬೇಕು. ದಿನಕ್ಕೆ ಎರಡು ಸಲ ಕೈಯಾಡಿಸಿ ಮಗುಚಿ.

ಬಣ್ಣ ಕಾಪಾಡಬೇಕಾದರೆ ಮೇಲೆ ಒಂದು ಹಳೆಯ ತೆಳ್ಳನೆಯ ಪಂಚೆ ಅಥವಾ ಸೀರೆ ಹೊದಿಸಿ. ಬಿಸಿ ಇಳಿಯುತ್ತದೆ, ಬೆಳಕು ನೇರವಾಗಿ ಬೀಳುವುದಿಲ್ಲ. ಧೂಳು, ಪಾರಿವಾಳದ ಕಾಟವೂ ತಪ್ಪುತ್ತದೆ. ಸುಡು ಬಿಸಿಲಿಗೆ ಬರಿಮೈಯಲ್ಲಿ ಬಿದ್ದ ಕಾಯಿಯಲ್ಲಿ ಬಿಳಿಚಿದ ಮಚ್ಚೆ ಕಾಣಿಸಿಕೊಳ್ಳುತ್ತದೆ. ಅಂಥ ಕಾಯಿಗಳು ಜಾಸ್ತಿ ಇದ್ದರೆ ಪುಡಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಸಂಜೆಯ ಕೆಲಸವನ್ನು ಮಾತ್ರ ತಪ್ಪಿಸಬೇಡಿ. ಬಿಸಿಲು ಇಳಿಯುವ ಮೊದಲೇ ಒಳಗೆ ತಂದು ಮುಚ್ಚಿಡಬೇಕು. ರಾತ್ರಿ ಹೊರಗೆ ಬಿಟ್ಟರೆ ಇಬ್ಬನಿ ಹೀರಿಕೊಂಡು, ಹಗಲು ಕಳೆದುಕೊಂಡ ನೀರಿನಲ್ಲಿ ಒಂದು ಪಾಲು ಮತ್ತೆ ಸೇರುತ್ತದೆ. ದೊಡ್ಡ ರಸ್ತೆಯ ಪಕ್ಕದ ಮನೆಯವರು, ಹತ್ತಿರದಲ್ಲಿ ಕಟ್ಟಡ ಕಟ್ಟುತ್ತಿರುವವರು ತಾರಸಿಯ ಯೋಚನೆ ಬಿಡುವುದೇ ವಾಸಿ. ಆ ಧೂಳು ಎಷ್ಟು ಒರೆಸಿದರೂ ಸುಕ್ಕಿನ ಒಳಗೆ ಉಳಿಯುತ್ತದೆ.

ಕರಾವಳಿ, ಮಲೆನಾಡಿನವರು ಇದನ್ನು ನಂಬಬಹುದಾದದ್ದು ಬೇಸಿಗೆಯಲ್ಲಿ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಕರ್ನಾಟಕದ ಊರಿನಲ್ಲೂ ನಾನು ಇದನ್ನು ಹೇಳುವುದಿಲ್ಲ.

ನೆರಳು, ಫ್ಯಾನ್, ದಾರ

ಫ್ಲ್ಯಾಟಿನಲ್ಲಿ ಇರುವವರಿಗೆ, ಒಂದು ಸಲಕ್ಕೆ ಕಾಲು ಅರ್ಧ ಕೆ.ಜಿ. ಕಾಯಿ ಇದ್ದವರಿಗೆ ಇದು ಸಲೀಸು. ದೊಡ್ಡ ಜರಡಿಯಲ್ಲೋ ಮೊರದಲ್ಲೋ ಹರಡಿ ಫ್ಯಾನಿನ ಕೆಳಗೆ ಇಡಿ. ಇಲ್ಲವೇ ತೊಟ್ಟಿಗೆ ಸೂಜಿ ದಾರ ಪೋಣಿಸಿ ಗಾಳಿ ಆಡುವ ಕಿಟಕಿಯ ಹತ್ತಿರ ತೂಗುಹಾಕಿ. ಬೆಳಕಿನ ಪೆಟ್ಟು ಇಲ್ಲದ್ದರಿಂದ ಬಣ್ಣ ಬಿಸಿಲಿಗಿಂತ ಚೆನ್ನಾಗಿ ಉಳಿಯುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಮನೆಯ ಮುಂದೆ ಮೆಣಸಿನಕಾಯಿ ಮಾಲೆ ತೂಗುಹಾಕುತ್ತಾರೆ, ರಿಸ್ಟ್ರಾ ಅನ್ನುತ್ತಾರೆ ಅದಕ್ಕೆ. ಅಲ್ಲಿ ಮರುಭೂಮಿಯ ಗಾಳಿ ಇದೆ, ಕಾಯಿಯ ಸಿಪ್ಪೆಯೂ ತೆಳು, ಹಾಗಾಗಿ ನಡೆಯುತ್ತದೆ. ಅದೇ ಮಾಲೆಯನ್ನು ಉಡುಪಿಯಲ್ಲಿ ಜುಲೈನಲ್ಲಿ ಕಟ್ಟಿದರೆ ಬರೀ ಬೂಷ್ಟು ಸಿಗುತ್ತದೆ.

ಈ ವಿಧಾನಕ್ಕೆ ಒಂದು ಮಿತಿ ಇದೆ, ಅದನ್ನು ತಿಳಿದುಕೊಂಡೇ ಇಳಿಯಬೇಕು. ಕೋಣೆಯ ಗಾಳಿಯಲ್ಲಿ ತೇವ ಇದ್ದಷ್ಟು ಕಾಲ ಕಾಯಿಯೂ ಅದಕ್ಕೆ ತಕ್ಕಷ್ಟು ತೇವವನ್ನು ಹಿಡಿದುಕೊಂಡೇ ಇರುತ್ತದೆ. ಎರಡು ವಾರ ಆದರೂ ಚರ್ಮದ ಹಾಗೆ ಬಾಗುತ್ತದೆ, ಮುರಿಯುವುದಿಲ್ಲ. ನೋಡಲು ಒಣಗಿದೆ, ಆದರೆ ಮಿಕ್ಸಿಗೆ ಹಾಕಿದರೆ ಪುಡಿಯಾಗದೆ ಉಂಡೆ ಕಟ್ಟುತ್ತದೆ. ಆದ್ದರಿಂದ ಇದನ್ನು ಮುಕ್ಕಾಲು ದಾರಿಯ ವಿಧಾನ ಎಂದು ತಿಳಿಯಿರಿ. ಕೊನೆಯ ಕಾಲು ದಾರಿಗೆ ಒಂದೆರಡು ದಿನದ ಗಟ್ಟಿ ಬಿಸಿಲು ಅಥವಾ ಸ್ವಲ್ಪ ಹೊತ್ತು ಓವನ್ ಬೇಕು. ಮಲೆನಾಡಿನ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಈ ಕೆಲಸ ಮಾಡುತ್ತಿತ್ತು. ಹೊಗೆಯ ವಾಸನೆ ಇಷ್ಟಪಡುವವರಿಗೆ, ಸೌದೆ ಒಲೆ ಈಗಲೂ ಉರಿಯುವ ಮನೆಯವರಿಗೆ ಅದು ಇವತ್ತಿಗೂ ಒಳ್ಳೆಯ ದಾರಿಯೇ.

ಓವನ್, ಒಟಿಜಿ

ಮನೆಯಲ್ಲಿ ಒಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್, ಇದ್ದೇ ಇದೆ, ಹೊಸದಾಗಿ ಏನೂ ಕೊಳ್ಳಬೇಕಿಲ್ಲ ಎಂಬುದು ಇದರ ದೊಡ್ಡ ಲಾಭ. ಆದರೆ ಮೊದಲು ನಿಮ್ಮ ಒಟಿಜಿಯ ಗುಂಡಿ ತಿರುಗಿಸಿ ನೋಡಿ. ಅತಿ ಕಡಿಮೆ ಎಷ್ಟು ಡಿಗ್ರಿಗೆ ನಿಲ್ಲುತ್ತದೆ? ಮೆಣಸಿನಕಾಯಿಗೆ ಬೇಕಾದದ್ದು 50ರಿಂದ 60 ಡಿಗ್ರಿ ಸೆಲ್ಸಿಯಸ್. 65 ದಾಟಿದರೆ ಬಣ್ಣ ಮಂಕಾಗಲು ಶುರು. ನಮ್ಮಲ್ಲಿ ಸಿಗುವ ಎಷ್ಟೋ ಒಟಿಜಿಗಳು ಶುರುವಾಗುವುದೇ 100ರಿಂದ. ಅಷ್ಟರಲ್ಲಿ ಇಟ್ಟರೆ ಕಾಯಿ ಒಣಗುವುದಿಲ್ಲ, ಬೇಯುತ್ತದೆ. ಆಮೇಲೆ ಕಂದುಬಣ್ಣಕ್ಕೆ ತಿರುಗಿ ಕಹಿ ಬರುತ್ತದೆ. ಅಮೆರಿಕದ ಹಲವು ಓವನ್‌ಗಳು 170 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯುವುದಿಲ್ಲ. ಅದು ಸುಮಾರು 77 ಸೆಲ್ಸಿಯಸ್. ಅಲ್ಲಿರುವವರು ಬಾಗಿಲನ್ನು ಎರಡು ಬೆರಳಿನಷ್ಟು ತೆರೆದಿಟ್ಟು, ಫ್ಯಾನ್ ಇದ್ದರೆ ಹಾಕಿ ಸುಧಾರಿಸಬಹುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಾಗಿಲು ತೆರೆದಿಡುವ ವಿಧಾನ ಬೇಡ.

ಬಾಗಿಲು ತೆರೆಯುವುದು ಬಿಸಿ ಇಳಿಸಲು ಮಾತ್ರ ಅಲ್ಲ. ಕಾಯಿಯಿಂದ ಹೊರಬಂದ ನೀರಾವಿ ಒಳಗೇ ಸುತ್ತುತ್ತಿದ್ದರೆ ಒಣಗುವುದಾದರೂ ಹೇಗೆ, ಅಲ್ವಾ? ಸೀಳಿದ ಕಾಯಿಯನ್ನು ಜಾಲರಿಯ ಮೇಲೆ ಒಂದೇ ಪದರ ಇಡಿ. ಆರೇಳು ಗಂಟೆ ಬೇಕಾಗುತ್ತದೆ, ಗಂಟೆಗೊಮ್ಮೆ ನೋಡುತ್ತಿರಬೇಕು. ಒಂದು ಸಲಕ್ಕೆ ಅರ್ಧ ಕೆ.ಜಿ.ಗಿಂತ ಜಾಸ್ತಿ ಹಿಡಿಸುವುದಿಲ್ಲ. 1,200 ವ್ಯಾಟಿನ ಒಟಿಜಿ ಅರ್ಧ ಹೊತ್ತು ಉರಿಯುತ್ತದೆ ಎಂದು ಹಿಡಿದರೆ ಆರು ಗಂಟೆಗೆ ಮೂರೂವರೆ ಯೂನಿಟ್ ಕರೆಂಟ್. ಯೂನಿಟ್‌ಗೆ 6 ರೂಪಾಯಿಯಂತೆ 21 ರೂಪಾಯಿ. ಸಿಗುವುದು ನೂರು ನೂರಿಪ್ಪತ್ತು ಗ್ರಾಂ ಪುಡಿ. ದಿನವಿಡೀ ಅದರ ಮುಂದೆ ಕಾಯಬೇಕು ಎಂಬುದು ಕರೆಂಟ್ ಬಿಲ್ಲಿಗಿಂತ ದೊಡ್ಡ ಖರ್ಚು.

ನನ್ನ ಪ್ರಕಾರ ಓವನ್ ಪೂರ್ತಿ ಒಣಗಿಸಲು ಹೇಳಿದ್ದಲ್ಲ, ಮುಗಿಸಲು ಹೇಳಿದ್ದು. ಫ್ಯಾನಿನಲ್ಲೋ ಬಿಸಿಲಿನಲ್ಲೋ ಮುಕ್ಕಾಲು ಒಣಗಿದ ಕಾಯಿಯನ್ನು ಬಿಸಿ ಮಾಡಿ ಆರಿಸಿದ ಓವನ್ನಿನೊಳಗೆ ಇಟ್ಟು, ಒಳಗಿನ ಬಿಸಿಯಲ್ಲೇ ಗರಿಗರಿ ಮಾಡಿಕೊಳ್ಳಿ. ಬೇಕಿದ್ದರೆ ಇನ್ನೊಮ್ಮೆ ಬಿಸಿ ಮಾಡಿ. 100ರಿಂದ ಶುರುವಾಗುವ ಒಟಿಜಿಯೂ ಈ ಕೆಲಸಕ್ಕೆ ಆಗುತ್ತದೆ.

ಡಿಹೈಡ್ರೇಟರ್

ಕಡಿಮೆ ಬಿಸಿಯ ಗಾಳಿಯನ್ನು ಸಮನಾಗಿ ಬೀಸುವ ಪೆಟ್ಟಿಗೆ ಇದು, ಮೇಲಿನ ವಿಧಾನಗಳ ಕೊರತೆಗಳನ್ನೆಲ್ಲ ತುಂಬುತ್ತದೆ. 55 ಡಿಗ್ರಿಗೆ ಇಟ್ಟರೆ ಸೀಳಿದ ಸಪೂರ ಕಾಯಿ ಎಂಟರಿಂದ ಹನ್ನೆರಡು ಗಂಟೆಯಲ್ಲಿ ಒಣಗುತ್ತದೆ. ಇಡಿ ಕಾಯಿ, ದಪ್ಪ ಕಾಯಿ ಒಂದು ದಿನ ದಾಟಬಹುದು. ರಾತ್ರಿ, ಮಳೆ, ಧೂಳು ಯಾವುದರ ಚಿಂತೆಯೂ ಇಲ್ಲ. ಬಣ್ಣ ಒಳ್ಳೆಯ ಕೆಂಪಿನಲ್ಲೇ ನಿಲ್ಲುತ್ತದೆ. ಬೂಷ್ಟಿಗೆ ಸಮಯವೇ ಸಿಗುವುದಿಲ್ಲ.

ಮನೆ ಬಳಕೆಯ ಯಂತ್ರಗಳು ಐದಾರು ಸಾವಿರದಿಂದ ಹದಿನೈದು ಸಾವಿರದವರೆಗೆ ಸಿಗುತ್ತವೆ. 400 ವ್ಯಾಟಿನದು ಹತ್ತು ಗಂಟೆ ನಡೆದರೆ 4 ಯೂನಿಟ್, ಅಂದರೆ ಸುಮಾರು 24 ರೂಪಾಯಿ. ಐದಾರು ತಟ್ಟೆಯದರಲ್ಲಿ ಒಂದೂವರೆ ಕೆ.ಜಿ.ಯಷ್ಟು ಸೀಳಿದ ಕಾಯಿ ಹಿಡಿಸಬಹುದು. ಕೊಳ್ಳುವಾಗ ನಾನು ನೋಡುವುದು ಎರಡೇ. ಒಂದು, ಉಷ್ಣತೆಯನ್ನು ಡಿಗ್ರಿಯಲ್ಲಿ ಆರಿಸಲು ಬರಬೇಕು. ಬರೀ ಆನ್ ಆಫ್ ಇರುವುದು ಬೇಡ. ಎರಡು, ಫ್ಯಾನ್ ಹಿಂಬದಿಯಲ್ಲಿದ್ದು ಗಾಳಿ ಅಡ್ಡಡ್ಡ ಬೀಸಿದರೆ ತಟ್ಟೆಗಳನ್ನು ಪದೇ ಪದೇ ಬದಲಿಸುವ ಕೆಲಸ ತಪ್ಪುತ್ತದೆ. ಫ್ಯಾನ್ ಕೆಳಗಿರುವುದು ಅಗ್ಗ, ಆದರೆ ನಡುವೆ ಒಂದೆರಡು ಸಲ ಮೇಲಿನ ತಟ್ಟೆ ಕೆಳಗೆ, ಕೆಳಗಿನದು ಮೇಲೆ ಮಾಡಬೇಕು.

ಬರೀ ಮೆಣಸಿನಕಾಯಿಗಾಗಿ, ವರ್ಷಕ್ಕೆ ಮೂರ್ನಾಲ್ಕು ಕೆ.ಜಿ. ಹಣ್ಣಿಗಾಗಿ ಇದನ್ನು ಕೊಳ್ಳಬೇಡಿ. ಕರಿಬೇವು, ಪುದೀನ, ನುಗ್ಗೆಸೊಪ್ಪು, ಬಾಳೆಹಣ್ಣು, ಮಾವಿನಹಣ್ಣು ಎಂದು ವರ್ಷವಿಡೀ ಏನಾದರೂ ಒಣಗಿಸುವ ಮನೆಗೆ, ಅಥವಾ ಕರಾವಳಿ, ಮಲೆನಾಡಿನಲ್ಲಿ ಹಿತ್ತಲ ತುಂಬ ಊರ ಮೆಣಸು ಬೆಳೆಯುವವರಿಗೆ ಹಾಕಿದ ದುಡ್ಡು ದಂಡವಲ್ಲ. ಒಂದು ಎಚ್ಚರಿಕೆ: ಘಾಟು. ಅಡುಗೆಮನೆಯಲ್ಲಿ ಮುಚ್ಚಿದ ಕಿಟಕಿಯ ನಡುವೆ ಇದನ್ನು ಓಡಿಸಿದರೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಬಾಲ್ಕನಿಯಲ್ಲಿ, ಮಳೆ ಬೀಳದ ಕಡೆ ಇಡಿ. ಅದರಲ್ಲೂ ಭೂತ್ ಜೊಲೋಕಿಯಾ ಎಂಬ ವಿಪರೀತ ಖಾರದ ಕಾಯಿ ಬೆಳೆಸುವ ಹವ್ಯಾಸಿಗಳು ಮನೆಯೊಳಗೆ ಒಣಗಿಸಲೇಬಾರದು. 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದಾಗ ಅದರ ಖಾರ, ಖಾರ ಅಳೆಯುವ ಸ್ಕೋವಿಲ್ ಮಾಪನದಲ್ಲಿ, 10 ಲಕ್ಷ ದಾಟಿತ್ತು. ಅಸ್ತಮಾ ಇರುವವರ ಹತ್ತಿರ ಅದು ನಿಜವಾದ ಅಪಾಯ.

ಉಳಿದ ದಾರಿಗಳು

ಮೈಕ್ರೋವೇವ್ ಬೇಡ. ಒಂದು ಕಡೆ ಸುಟ್ಟು, ಇನ್ನೊಂದು ಕಡೆ ಹಸಿಯಾಗಿ ಉಳಿಯುತ್ತದೆ. ಬೆಂಕಿ ಹೊತ್ತಿಕೊಳ್ಳುವುದೂ ಉಂಟು. ಬಾಗಿಲು ತೆಗೆದಾಗ ಬರುವ ಘಾಟಿಗೆ ಕಣ್ಣು ಬಿಡಲು ಆಗುವುದಿಲ್ಲ. ಏರ್ ಫ್ರೈಯರ್‌ನಲ್ಲಿ ಡಿಹೈಡ್ರೇಟ್ ಎಂಬ ಆಯ್ಕೆ ಇದ್ದು 60 ಡಿಗ್ರಿಗೆ ಇಳಿಯುತ್ತದಾದರೆ ಒಂದು ಹಿಡಿ ಕಾಯಿಗೆ ಅಡ್ಡಿ ಇಲ್ಲ. ಇಲ್ಲದಿದ್ದರೆ ಬೇಡ. ಗಾಜು ಅಥವಾ ಪಾಲಿಥೀನ್ ಹೊದಿಸಿದ ಸೋಲಾರ್ ಡ್ರೈಯರ್ ಬಿಸಿಲಿಗಿಂತ ಬೇಗ ಒಣಗಿಸುತ್ತದೆ, ಧೂಳು, ಹಕ್ಕಿ, ಇಬ್ಬನಿಯಿಂದ ಕಾಪಾಡುತ್ತದೆ. ತೋಟ ಇರುವವರು, ನಾಲ್ಕೈದು ಮನೆ ಸೇರಿ ಪುಡಿ ಮಾಡುವವರು ಇದನ್ನು ಯೋಚಿಸಬಹುದು. ಮನೆಯಲ್ಲೇ ಮರದ ಪೆಟ್ಟಿಗೆಯಿಂದ ಮಾಡಿಕೊಳ್ಳುವವರು ಕೆಳಗೆ ಗಾಳಿ ಬರುವ, ಮೇಲೆ ಆವಿ ಹೋಗುವ ಕಿಂಡಿಗಳನ್ನು ಬಿಡಲೇಬೇಕು.

ಇನ್ನೊಂದು ದಾರಿಯನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ನಿಮ್ಮ ಹತ್ತಿರ ಗಿಡ ಇಲ್ಲ, ಮನೆಯ ಪುಡಿ ಬೇಕು ಅಷ್ಟೇ ಅಂದರೆ ಸಂತೆಯಿಂದ ಹಸಿ ಹಣ್ಣು ಮೆಣಸಿನಕಾಯಿ ತಂದು ಒಣಗಿಸುವುದರಲ್ಲಿ ಅರ್ಥ ಇಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೊಸ ಫಸಲಿನ ಒಣ ಬ್ಯಾಡಗಿ ಕೊಳ್ಳಿ. ಖಾರ ಬೇಕಿದ್ದರೆ ನಾಲ್ಕಕ್ಕೆ ಒಂದು ಪಾಲು ಗುಂಟೂರು ಸೇರಿಸಿ. ತೊಟ್ಟು ಮುರಿದು, ಒಳಗೆ ಬೂಷ್ಟು ಇಲ್ಲವೆಂದು ಒಂದಿಷ್ಟು ಕಾಯಿ ಬಿಡಿಸಿ ನೋಡಿ, ಎರಡು ದಿನ ಬಿಸಿಲಿಗೆ ಹಾಕಿ ಗಿರಣಿಗೆ ಕೊಡಿ. ಮನೆಯಲ್ಲಿ ಒಣಗಿಸುವ ಶ್ರಮಕ್ಕೆ ಬೆಲೆ ಬರುವುದು ಕಾಯಿ ನಿಮ್ಮದೇ ಆಗಿದ್ದಾಗ.

ಒಣಗಿತು ಎಂದು ತಿಳಿಯುವುದು

ಎಷ್ಟು ದಿನ, ಎಷ್ಟು ಗಂಟೆ ಎಂಬುದೆಲ್ಲ ಅಂದಾಜು. ಕಾಯಿಯನ್ನೇ ಕೇಳಿ. ತಣ್ಣಗಾದ ಮೇಲೆ ಮುರಿದರೆ ಚಟ್ ಎನ್ನಬೇಕು, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ತೊಟ್ಟಿನ ಬುಡದಲ್ಲಿ ಬೆರಳಿಗೆ ಮೆತ್ತಗೆ ಸಿಗಬಾರದು. ಬಿಸಿಯಾಗಿದ್ದಾಗ ಪರೀಕ್ಷೆ ಮಾಡಬೇಡಿ, ಒಣಗಿದ ಕಾಯಿಯೂ ಬಿಸಿಯಲ್ಲಿ ಬಾಗುತ್ತದೆ. ಅಡುಗೆಮನೆಯ ತಕ್ಕಡಿ ಇದ್ದರೆ ಒಂದು ತಟ್ಟೆಯನ್ನು ತೂಗಿ, ಇನ್ನೆರಡು ಗಂಟೆ ಒಣಗಿಸಿ ಮತ್ತೆ ತೂಗಿ. ತೂಕ ಇಳಿಯದೆ ನಿಂತರೆ, ಕಾಯಿಯೂ ಚಟ್ ಎಂದು ಮುರಿದರೆ ಮುಗಿಯಿತು. ಕೋಣೆಯ ಗಾಳಿಯಲ್ಲಿ ತೂಕ ನಿಂತು ಕಾಯಿ ಇನ್ನೂ ಬಾಗುತ್ತಿದ್ದರೆ, ಆ ಗಾಳಿಯಿಂದ ಇನ್ನು ಆಗುವುದಿಲ್ಲ ಎಂದು ಅರ್ಥ. ಬಿಸಿ ಬೇಕು.

ಆಮೇಲೂ ತಕ್ಷಣ ಪುಡಿ ಮಾಡಬೇಡಿ. ಗಾಜಿನ ಜಾಡಿಗೆ ಮುಕ್ಕಾಲು ತುಂಬಿ ಮುಚ್ಚಿ, ನಾಲ್ಕೈದು ದಿನ ದಿನಕ್ಕೊಮ್ಮೆ ಅಲ್ಲಾಡಿಸಿ. ಗಾಜಿನ ಒಳಮೈಯಲ್ಲಿ ಹನಿ ಕಂಡರೆ ಎಲ್ಲವನ್ನೂ ಹೊರತೆಗೆದು ಮತ್ತೆ ಒಣಗಿಸಿ. ಹನಿಯ ಜೊತೆ ಬೂಷ್ಟೂ ಕಂಡರೆ ಆ ಜಾಡಿ ಪೂರ್ತಿ ಬಿಸಾಕಿ.

ಪುಡಿ

ಎರಡು ಕೆ.ಜಿ.ಗಿಂತ ಜಾಸ್ತಿ ಇದ್ದರೆ ಖಾರದ ಗಿರಣಿ, ಕಡಿಮೆ ಇದ್ದರೆ ಮಿಕ್ಸಿ. ಗಿರಣಿಯಲ್ಲಿ ನಿಮಗಿಂತ ಮುಂಚೆ ಏನು ಬೀಸಿದರು ಎಂದು ಕೇಳಿ. ಧನಿಯಾ ಬೀಸಿದ್ದರೆ ಮೊದಲ ಒಂದು ಹಿಡಿ ಪುಡಿಯನ್ನು ಬೇರೆ ಇಡಿಸಿ. ಬೀಸಿ ಬಂದ ಪುಡಿ ಬಿಸಿಯಾಗಿರುತ್ತದೆ, ಹರಡಿ ತಣಿಸಿಯೇ ಡಬ್ಬಕ್ಕೆ ತುಂಬಬೇಕು. ಮಿಕ್ಸಿಯಲ್ಲಾದರೆ ನಿಲ್ಲಿಸಿ ನಿಲ್ಲಿಸಿ ಓಡಿಸಿ, ಬಿಸಿ ಏರಲು ಬಿಡಬೇಡಿ. ನಿಂತ ಮೇಲೆ ಐದು ನಿಮಿಷ ಮುಚ್ಚಳ ತೆಗೆಯಬೇಡಿ. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್ ಇರಲಿ. ಕೈ ಉರಿದರೆ ಬರೀ ನೀರಿನಿಂದ ಹೋಗುವುದಿಲ್ಲ, ಮೊದಲು ಅಡುಗೆ ಎಣ್ಣೆ ಸವರಿ ಆಮೇಲೆ ಸೋಪು ಹಾಕಿ ತೊಳೆಯಿರಿ.

ಬೀಜ ಇಡಬೇಕೋ ತೆಗೆಯಬೇಕೋ ಎಂಬುದು ಬಣ್ಣದ ಪ್ರಶ್ನೆ. ಖಾರ ತುಂಬಿರುವುದು ಬೀಜ ಅಂಟಿಕೊಂಡ ಬಿಳಿಯ ತಿರುಳಿನಲ್ಲಿ, ಬೀಜದಲ್ಲಲ್ಲ. ಬೀಜ ಜಾಸ್ತಿ ಸೇರಿದಷ್ಟು ಪುಡಿ ಹಳದಿ ಮಿಶ್ರಿತವಾಗುತ್ತದೆ, ತೂಕ ಮಾತ್ರ ಹೆಚ್ಚುತ್ತದೆ. ನಾನು ಅರ್ಧ ತೆಗೆದು ಅರ್ಧ ಬಿಡುತ್ತೇನೆ. ಎಣ್ಣೆ ಹಾಕಿ ಹುರಿದು ಪುಡಿ ಮಾಡಿದರೆ ಬಣ್ಣ ಮಿನುಗುತ್ತದೆ, ಆದರೆ ಬೇಗ ಕಮಟು ಹಿಡಿಯುತ್ತದೆ. ಒಂದು ತಿಂಗಳಲ್ಲಿ ಮುಗಿಸುವಷ್ಟಕ್ಕೆ ಮಾತ್ರ ಹಾಗೆ ಮಾಡಿ.

ಯಾರಿಗೆ ಯಾವುದು

ಉತ್ತರ ಕರ್ನಾಟಕದಲ್ಲಿ ಅಂಗಳ ಇದೆ, ಬೇಸಿಗೆ ಇದೆ, ಮನೆಯಲ್ಲಿ ಜನ ಇದ್ದಾರೆ ಅಂದರೆ ಬಿಸಿಲು, ಮೇಲೊಂದು ತೆಳು ಬಟ್ಟೆ. ಬೇರೆ ಯೋಚನೆಯೇ ಬೇಡ.

ಬೆಂಗಳೂರಿನ ಫ್ಲ್ಯಾಟು, ಬಾಲ್ಕನಿಯಲ್ಲಿ ಐದಾರು ಕುಂಡ, ಇಬ್ಬರೂ ಕೆಲಸಕ್ಕೆ ಹೋಗುವವರು ಅಂದರೆ ಫ್ಯಾನಿನ ಕೆಳಗೆ ವಾರ ಹತ್ತು ದಿನ ಇಟ್ಟು, ಭಾನುವಾರ ಒಟಿಜಿಯ ಬಿಸಿಯಲ್ಲಿ ಮುಗಿಸಿ. ಸ್ವಲ್ಪ ಸ್ವಲ್ಪವೇ ಹಣ್ಣಾಗುತ್ತಿದ್ದರೆ ಕಿತ್ತ ಕಾಯಿಯನ್ನು ಫ್ರೀಜರಿನಲ್ಲಿ ಕೂಡಿಡಬಹುದು. ಕರಗಿದಾಗ ಮೆತ್ತಗಾಗುತ್ತದೆ, ಹಾಗಾಗಿ ಅದನ್ನು ಸೀಳಿ ಯಂತ್ರದಲ್ಲೇ ಒಣಗಿಸಬೇಕು.

ಕರಾವಳಿ, ಮಲೆನಾಡು, ಕೊಡಗಿನಲ್ಲಿ ಮಳೆಗಾಲದಲ್ಲೂ ಹಣ್ಣು ಬರುತ್ತಿದೆ ಅಂದರೆ ಡಿಹೈಡ್ರೇಟರ್. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಆ ಕಾಯಿಯನ್ನು ಉಪ್ಪು, ಹುಣಸೆಹಣ್ಣು ಹಾಕಿ ರುಬ್ಬಿ ಹಸಿ ಚಟ್ನಿ ಮಾಡಿ ಫ್ರಿಜ್ಜಿನಲ್ಲಿ ಇಡಿ, ಪುಡಿಯ ಆಸೆಯನ್ನು ಬೇಸಿಗೆಯ ಬೆಳೆಗೆ ಬಿಡಿ.

ಇಂಗ್ಲೆಂಡು, ಅಮೆರಿಕದ ಉತ್ತರ ಭಾಗದಲ್ಲಿ ಇರುವವರಿಗೆ ಹಣ್ಣಾಗುವುದೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಆಗ ಬಿಸಿಲಿನ ಬಲ ಇಳಿದಿರುತ್ತದೆ. ಫ್ಯಾನ್ ಓವನ್ 50, 60 ಡಿಗ್ರಿಗೆ ಇಳಿಯುತ್ತದಾದರೆ ಅದೇ ಸಾಕು. ಇಳಿಯದಿದ್ದರೆ, ಬೆಳೆ ಎರಡು ಕೆ.ಜಿ. ದಾಟಿದ ವರ್ಷ ಡಿಹೈಡ್ರೇಟರ್ ನೋಡಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ತುಂಬ ಒಣಗಿರುತ್ತದೆ. ತೆಳು ಸಿಪ್ಪೆಯ ಕಾಯಿಯನ್ನು ದಾರಕ್ಕೆ ಪೋಣಿಸಿ ಆ ಕೋಣೆಯಲ್ಲಿ ತೂಗುಹಾಕಿದರೆ ಚೆನ್ನಾಗಿಯೇ ಒಣಗುತ್ತದೆ.

ಯಾವ ದಾರಿ ಹಿಡಿದರೂ ಪುಡಿಯನ್ನು ಗಾಜಿನ ಡಬ್ಬದಲ್ಲಿ, ಕತ್ತಲಲ್ಲಿ, ಒಲೆಯಿಂದ ದೂರ ಇಡಿ. ಬ್ಯಾಡಗಿಯ ವ್ಯಾಪಾರಿಗಳು ಒಣ ಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದು ಬಣ್ಣ ಕಾಪಾಡಲು. ಮನೆಯಲ್ಲಿ ಫ್ರಿಜ್ಜೇ ಆ ಕೆಲಸ ಮಾಡುತ್ತದೆ. ಎರಡು ತಿಂಗಳಿಗೆ ಬೇಕಾದಷ್ಟು ಮಾತ್ರ ಪುಡಿ ಮಾಡಿಕೊಂಡು, ಉಳಿದದ್ದನ್ನು ಇಡಿ ಕಾಯಿಯಾಗಿಯೇ ಮುಚ್ಚಿ ಫ್ರಿಜ್ಜಿನಲ್ಲಿ ಇಟ್ಟರೆ ಹುಳದ ಕಾಟವೂ ಇರುವುದಿಲ್ಲ, ಮುಂದಿನ ಬೆಳೆ ಬರುವವರೆಗೂ ಕೆಂಪು ನಿಲ್ಲುತ್ತದೆ. ಡಬ್ಬವನ್ನು ಹೊರತೆಗೆದಾಗ ಮಾತ್ರ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ, ಇಲ್ಲದಿದ್ದರೆ ಗಾಳಿಯ ತೇವವೆಲ್ಲ ತಣ್ಣನೆಯ ಕಾಯಿಯ ಮೇಲೆ ಕೂರುತ್ತದೆ.